ಮನೆ ಹಿಂದಿನ ಬರೆಯನ್ನು ಎಷ್ಟು ನಂಬಬಹುದು? ಆಶ್ಲೇಷ ಮಳೆಗೆ ಮುಂಚೆ ನೋಡಿಕೊಳ್ಳಬೇಕಾದ್ದು

ಜೂನ್‌ನಲ್ಲಿ ನಮ್ಮ ಕೊಡಗಿನ ಕಡೆ ಬರೆಗೆ, ಅಂದರೆ ಮನೆಗೋ ರಸ್ತೆಗೋ ಗುಡ್ಡ ಕಡಿದಾಗ ಉಳಿಯುವ ಮಣ್ಣಿನ ಗೋಡೆಗೆ, ಯಾರೂ ಹೆದರುವುದಿಲ್ಲ. ಮಳೆ ಬಂತಲ್ಲ ಅನ್ನುವ ಖುಷಿ, ಗೊಬ್ಬರ ಹಾಕಿ ಮುಗಿಯಲಿಲ್ಲವಲ್ಲ ಅನ್ನುವ ಚಿಂತೆ, ಕರೆಂಟ್ ಹೋಗಿ ಮೂರು ದಿನ ಆಯ್ತು ಅನ್ನುವ ಸಿಟ್ಟು, ಅಷ್ಟೇ. ಗುಡ್ಡ ಇಳಿಯುವುದು ಆಮೇಲೆ. 2018ರಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ, ಮೊಣ್ಣಂಗೇರಿ ಕಡೆ ಗುಡ್ಡಗಳು ಜರಿದದ್ದು ಆಗಸ್ಟ್ ಮಧ್ಯದಲ್ಲಿ. 2019ರಲ್ಲಿ ವಿರಾಜಪೇಟೆ ತಾಲೂಕಿನ ತೋರದಲ್ಲಿ ಆಗಸ್ಟ್ 9ಕ್ಕೆ. 2020ರಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟ ಆಗಸ್ಟ್ ಮೊದಲ ವಾರದಲ್ಲಿ. ಮೂರೂ ಆಶ್ಲೇಷ ಮಳೆಯ ಆಸುಪಾಸು. ಇದು ನಕ್ಷತ್ರದ ಕಾಟ ಅಲ್ಲ. ಆ ಹೊತ್ತಿಗೆ ಮಣ್ಣಿನ ಹೊಟ್ಟೆ ತುಂಬಿರುತ್ತದೆ, ಇನ್ನೊಂದು ತುತ್ತು ಹಿಡಿಸುವುದಿಲ್ಲ.

ನಾನು ಭೂವಿಜ್ಞಾನಿ ಅಲ್ಲ. ಮಾದಾಪುರದ ಹತ್ತಿರ ಐದೂವರೆ ಎಕರೆ ಕಾಫಿ, ಸ್ವಲ್ಪ ಕಾಳುಮೆಣಸು, ಹಿಂದೆ ಗುಡ್ಡ, ಮುಂದೆ ತೋಡು (ಸಣ್ಣ ಹಳ್ಳ) ಇರುವ ಮನೆ. 2018 ಆದ ಮೇಲೆ ಈ ವಿಷಯ ತಿಳಿದವರನ್ನೆಲ್ಲ ಕೇಳಿ, ಸಿಕ್ಕಿದ್ದನ್ನೆಲ್ಲ ಓದಿ, ಪ್ರತಿ ವರ್ಷ ಮೇ ತಿಂಗಳಿಂದ ನಾನು ಮಾಡುವ ಕೆಲಸ ಇದು. ಎಲ್ಲರಿಗೂ ಟಿವಿಯಲ್ಲಿ ಆಕಾಶ ನೋಡುವ ಅಭ್ಯಾಸ. ನಾನು ಹೇಳುವುದು ನೆಲ ನೋಡಿ ಅಂತ, ಅದೂ ನಿಮ್ಮ ನೆಲ.

ಕೊಡಗಿನ ಅರ್ಧ ಮನೆಗಳ ಅಡುಗೆಮನೆ ಕಿಟಕಿ ತೆಗೆದರೆ ಕಾಣುವುದು ಬರೆಯೇ.

ಮೊದಲು, ಜರಿಯುವುದು ಯಾಕೆ

ಕೆಳಗೆ ಗಟ್ಟಿ ಬಂಡೆ. ಅದರ ಮೇಲೆ ಕೊಳೆತು ಮಣ್ಣಾದ ಕಲ್ಲು. ಅದರ ಮೇಲೆ ನಾವು ಕಾಫಿ ನೆಟ್ಟಿರುವ ಮಣ್ಣು. ಮಳೆ ನೀರು ಮೇಲಿನದರಲ್ಲಿ ಸಲೀಸಾಗಿ ಇಳಿಯುತ್ತದೆ, ಬಂಡೆ ಸಿಕ್ಕಿದ ಕಡೆ ನಿಲ್ಲುತ್ತದೆ. ಹಾಗೆ ನಿಂತ ನೀರು ಒಳಗಿನಿಂದ ಒತ್ತಲು ಶುರು ಮಾಡಿದರೆ ಮಣ್ಣಿನ ಕಣಗಳು ಒಂದನ್ನೊಂದು ಹಿಡಿದುಕೊಂಡಿದ್ದ ಬಿಗಿ ಸಡಿಲವಾಗುತ್ತದೆ. ಒಣ ತಟ್ಟೆಯಲ್ಲಿ ಬೇಯಿಸಿದ ಪಾಪುಟ್ಟು (ಅಕ್ಕಿ ತರಿಯ ಹಬೆ ತಿಂಡಿ) ತಟ್ಟೆ ವಾರೆ ಮಾಡಿದರೂ ಅಂಟಿಕೊಂಡೇ ಇರುತ್ತದೆ, ಎಣ್ಣೆ ಸವರಿದ ತಟ್ಟೆಯಾದರೆ ಇಡೀ ಬಿಲ್ಲೆ ಒಂದೇ ಸಲ ಜಾರಿ ಬರುತ್ತದೆ, ಅಲ್ವಾ? ಗುಡ್ಡವೂ ಹಾಗೆಯೇ, ಎಣ್ಣೆಯ ಜಾಗದಲ್ಲಿ ನೀರು. ಕೆಲವು ಕಡೆ ಬಂಡೆಯ ಮೇಲೆ ಸೋಪಿನ ಥರ ನುಣ್ಣಗಿರುವ ಶೇಡಿ ಮಣ್ಣಿನ ಪದರ ಇರುತ್ತದೆ. ಅಲ್ಲಿ ಇನ್ನೂ ಜಾಸ್ತಿ ಜಾರುತ್ತದೆ. ಬಾವಿ ತೋಡಿದವರನ್ನು ಕೇಳಿ, ಎಷ್ಟು ಅಡಿಗೆ ಯಾವ ಮಣ್ಣು ಸಿಕ್ಕಿತು ಅಂತ ಅವರಿಗೆ ನೆನಪಿರುತ್ತದೆ.

ಮರ ಇದ್ದರೆ ಗುಡ್ಡ ಜರಿಯುವುದಿಲ್ಲ ಅನ್ನುವುದು ಅರ್ಧ ನಿಜ. ಬೇರು ಮೇಲಿನ ಕೆಲವು ಅಡಿ ಮಣ್ಣನ್ನು ಚೆನ್ನಾಗಿ ಹಿಡಿಯುತ್ತದೆ. ಇಪ್ಪತ್ತು ಮೂವತ್ತು ಅಡಿ ಕೆಳಗೆ ಜಾರುವ ಪದರ ಇದ್ದರೆ ಬೇರು ಅಲ್ಲಿಗೆ ಮುಟ್ಟುವುದೇ ಇಲ್ಲ, ಮರದ ಸಮೇತ ಇಳಿಯುತ್ತದೆ. 2018ರಲ್ಲಿ ನೆಟ್ಟಗೆ ನಿಂತ ಮರಗಳನ್ನು ಹೊತ್ತುಕೊಂಡೇ ಜಾರಿದ ಗುಡ್ಡವನ್ನು ಕಣ್ಣಾರೆ ನೋಡಿದ್ದೇನೆ. ಹಾಗಂತ ಮರ ಕಡಿಯಿರಿ ಅಂತ ಹೇಳುತ್ತಿಲ್ಲ, ಕಡಿದರೆ ಮೇಲಿನ ಮಣ್ಣೂ ಹೋಗುತ್ತದೆ.

ಮೇ ತಿಂಗಳಲ್ಲಿ: ವಾರೆ ಅಳೆಯಿರಿ

ಒಣ ದಿನದಲ್ಲಿ ಮಾಡಿ. ಹತ್ತು ಅಡಿಯ ಒಂದು ಬಿದಿರ ಗಳ, ಅಳತೆ ಟೇಪ್, ಮೇಸ್ತ್ರಿಗಳ ಹತ್ತಿರ ಇರುವ ಲೆವೆಲ್ ಪೈಪ್ ಸಾಕು. ಗಳದ ಒಂದು ತುದಿಯನ್ನು ಇಳಿಜಾರಿನ ಮೇಲೆ ಊರಿ, ಸಮತಟ್ಟಾಗಿ ಹೊರಕ್ಕೆ ಹಿಡಿಯಿರಿ. ಆಚೆ ತುದಿಯಿಂದ ನೆಲಕ್ಕೆ ಎಷ್ಟು ಅಡಿ ಅಂತ ಅಳೆಯಿರಿ. ಹತ್ತಕ್ಕೆ ಆರು ಅಡಿ ಬಂದರೆ ವಾರೆ ಸುಮಾರು 31 ಡಿಗ್ರಿ. ಹತ್ತಕ್ಕೆ ಹತ್ತು ಬಂದರೆ 45. ಫೋನ್‌ನಲ್ಲಿ ಕೋನ ತೋರಿಸುವ ಆಪ್ ಇದೆ, ಅದೂ ನಡೆಯುತ್ತದೆ, ಆದರೆ ಫೋನನ್ನು ನೆಲದ ಮೇಲಿಡದೆ, ಇಳಿಜಾರಿನ ಮೇಲೆ ಮಲಗಿಸಿದ ಡೊಂಕಿಲ್ಲದ ಕೋಲಿನ ಮೇಲಿಟ್ಟು ನೋಡಿ. ಇಲ್ಲದಿದ್ದರೆ ಕಾಫಿ ಗಿಡದ ಬುಡದ ದಿಣ್ಣೆಯ ಕೋನ ತೋರಿಸಿಬಿಡುತ್ತದೆ.

20 ಡಿಗ್ರಿ ದಾಟಿದರೆ ನಾನು ಗಮನ ಇಡುತ್ತೇನೆ. 25ರಿಂದ 45ರ ನಡುವಿನದಕ್ಕೆ ಹೆದರುತ್ತೇನೆ. ವಿಚಿತ್ರ ಅಂದರೆ ಅದಕ್ಕಿಂತ ಕಡಿದಾದ ಕಡೆ ಮಣ್ಣು ಹೆಚ್ಚು ದಪ್ಪ ನಿಂತಿರುವುದೇ ಇಲ್ಲ, ಬರೀ ಬಂಡೆ ಇರುತ್ತದೆ. ನೋಡಲು ಭಯಂಕರವಾದ ಬಂಡೆ ಬೆಟ್ಟಕ್ಕಿಂತ ಒಳ್ಳೆಯ ಮಣ್ಣಿರುವ, ಒಳ್ಳೆಯ ಇಳುವರಿ ಕೊಡುವ, ಸಾಧು ಥರ ಕಾಣುವ ಗುಡ್ಡವೇ ಮೋಸ ಮಾಡುವುದು ಜಾಸ್ತಿ. ಇಡೀ ಗುಡ್ಡವನ್ನು ದೂರದಿಂದ ನೋಡಿದಾಗ ಅಂಗೈ ಮಡಿಸಿದ ಹಾಗೆ ಒಳಕ್ಕೆ ತಗ್ಗಾದ ಜಾಗ ಕಂಡರೆ ಅದನ್ನು ಗುರುತು ಮಾಡಿಕೊಳ್ಳಿ. ಸುತ್ತಲಿನ ನೀರೆಲ್ಲ ಒಳಗೊಳಗೇ ಅಲ್ಲಿಗೇ ಸೇರುತ್ತದೆ. ಮನೆ ಆ ತಗ್ಗಿನ ಬಾಯಿಗೆ ನೇರವಾಗಿದ್ದರೆ, ಗುಡ್ಡ ಅರ್ಧ ಕಿಲೋಮೀಟರ್ ದೂರ ಇದ್ದರೂ ಅದು ನಿಮ್ಮ ಗುಡ್ಡವೇ. ಕೆಸರು, ಕಲ್ಲು, ಮರ ಸೇರಿ ತೋಡು ಹಿಡಿದು ಹರಿದರೆ ಕಿಲೋಮೀಟರ್‌ಗಟ್ಟಲೆ ಬರುತ್ತದೆ.

ಕಡಿದ ಬರೆಗೆ ನನ್ನದೊಂದು ಒರಟು ಲೆಕ್ಕ ಇದೆ. ಬರೆ ಎಷ್ಟು ಎತ್ತರವೋ ಕನಿಷ್ಠ ಅಷ್ಟು ದೂರ ಮಲಗುವ ಕೋಣೆ ಇರಬೇಕು. ಹದಿನೈದು ಅಡಿ ಬರೆ, ನಾಲ್ಕಡಿ ದೂರದಲ್ಲಿ ಗೋಡೆ, ಗೋಡೆಗೆ ತಾಗಿ ಮಕ್ಕಳ ಮಂಚ. ಇಂಥದ್ದು ಎಷ್ಟು ಮನೆಗಳಲ್ಲಿ ಇಲ್ಲ ಹೇಳಿ? ಮನೆ ಸರಿಸಲು ಆಗದಿದ್ದರೆ ಮಂಚವನ್ನಾದರೂ ಸರಿಸಿ. ಮಳೆಗಾಲದ ಮೂರು ತಿಂಗಳು ಎಲ್ಲರೂ ಬರೆಗೆ ದೂರದ ಕೋಣೆಯಲ್ಲಿ, ಮಾಳಿಗೆ ಇದ್ದರೆ ಮೇಲೆ ಮಲಗುವುದು. ಇದು ಬರೆ ಜಾರಿದಾಗ ಮಾತ್ರ ಉಳಿಸುತ್ತದೆ, ಗುಡ್ಡವೇ ಬಂದರೆ ಯಾವ ಕೋಣೆಯೂ ಒಂದೇ.

ಗುಡ್ಡದ ನೆತ್ತಿಗೆ ಹತ್ತಿ

ಇದನ್ನು ಯಾರೂ ಮಾಡುವುದಿಲ್ಲ. ಎಲ್ಲರೂ ಕೆಳಗೆ ನಿಂತು ಬರೆ ನೋಡುತ್ತಾರೆ, ಚೆನ್ನಾಗಿದೆ ಅನ್ನುತ್ತಾರೆ. ಬಿರುಕು ಬಿಡುವುದು ಮೇಲೆ. ಮನೆಯ ನೇರಕ್ಕೆ ಮೇಲಕ್ಕೆ ಹತ್ತಿ, ಇಳಿಜಾರು ಸಮತಟ್ಟಾಗುವ ಜಾಗದಲ್ಲಿ ಅಡ್ಡಡ್ಡ ನಡೆಯಿರಿ. ತರಗೆಲೆ ಕಾಲಲ್ಲಿ ಸರಿಸುತ್ತಾ ಹೋಗಿ. ಕುದುರೆ ಲಾಳದ ಆಕಾರದಲ್ಲಿ ಬಾಗಿದ ಬಿರುಕು ಸಿಕ್ಕರೆ, ಅಥವಾ ನೆಲ ಒಂದು ಮೆಟ್ಟಿಲಿನಷ್ಟು ಕೆಳಗೆ ಕೂತಿದ್ದರೆ, ಜರಿಯುವ ಕೆಲಸ ಆಗಲೇ ಶುರುವಾಗಿದೆ ಅಂತ ಅರ್ಥ.

ಪಕ್ಕದ ತೋಟ ಬೇರೆಯವರದಾದರೆ ಕೇಳಿ ಹತ್ತಿ. ನಮ್ಮ ಮೇಲಿನ ತೋಟದ ಅಜ್ಜ ಮೊದಲ ವರ್ಷ "ಏನೋ, ನನ್ನ ಗಡಿ ಅಳೆಯಲಿಕ್ಕೆ ಬಂದ್ಯಾ?" ಅಂತ ಕೇಳಿದ್ದರು. ಈಗ ಅವರೇ ಕೋಲು ಹಿಡಿದು ಮುಂದೆ ಹೋಗುತ್ತಾರೆ.

ಮೇಲೆ ಹೋದಾಗ ನೀರು ನಿಲ್ಲುವ ಜಾಗಗಳನ್ನು ನೋಡಿ. ಕಾಫಿ ಸಾಲಿನ ನಡುವೆ ಮಳೆ ನೀರು ಹಿಡಿಯುವ ತೊಟ್ಟಿಲು ಗುಂಡಿ ತೆಗೆಯುವುದು ಒಳ್ಳೆಯ ಪದ್ಧತಿ, ಹದವಾದ ಇಳಿಜಾರಿನಲ್ಲಿ. ಮನೆಯ ನೆತ್ತಿಯ ಮೇಲೆ 30 ಡಿಗ್ರಿ ವಾರೆಯಲ್ಲಿ ಗುಂಡಿ ತೆಗೆದರೆ ಗುಡ್ಡಕ್ಕೆ ನಾವೇ ಬಾಯಿ ತೆರೆದು ನೀರು ಕುಡಿಸಿದ ಹಾಗೆ. ಇಂಗುಗುಂಡಿಯೂ ಅಷ್ಟೇ. ಹೂಮಳೆಯ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆಯ) ಬದಲು ಸ್ಪ್ರಿಂಕ್ಲರ್ ಹಾಕಲು ಗುಡ್ಡದ ಮೇಲೆ ಕೆರೆ ತೋಡಿದ್ದರೆ ಮಳೆಗಾಲಕ್ಕೆ ಮುಂಚೆ ಖಾಲಿ ಮಾಡಿ, ತುಂಬಿದರೆ ಹೊರಗೆ ಹೋಗಲು ದಾರಿ ಬಿಡಿ. ಆ ದಾರಿ ಬರೆಯ ಮೇಲಕ್ಕೆ ಬರದ ಹಾಗೆ ಪಕ್ಕಕ್ಕೆ ತಿರುಗಿಸಿ. ಹೊಸ ರಸ್ತೆ, ಹೊಸ ಹೋಂಸ್ಟೇ, ಹೊಸ ಲೆವೆಲಿಂಗ್ ಏನಾದರೂ ಮೇಲೆ ಆಗಿದ್ದರೆ ಅಲ್ಲಿನ ಮೋರಿ ನೀರು ಎಲ್ಲಿಗೆ ಬೀಳುತ್ತದೆ ಅಂತ ಹಿಂಬಾಲಿಸಿ ನೋಡಿ. ಹತ್ತು ವರ್ಷ ಸುಮ್ನೆ ಇದ್ದ ಬರೆ ಹನ್ನೊಂದನೇ ವರ್ಷ ಯಾಕೆ ಇಳಿಯಿತು ಅಂದರೆ ಉತ್ತರ ಬಹಳ ಸಲ ಇಲ್ಲೇ ಸಿಗುತ್ತದೆ.

ಮರ, ಕಂಬ, ಬೇಲಿ ಮೂರನ್ನೂ ನೋಡಿ. ಮರದ ಬುಡ ಬಾಗಿ ಮೇಲೆ ನೆಟ್ಟಗಾಗಿದ್ದರೆ ಆ ಮಣ್ಣು ವರ್ಷಗಟ್ಟಲೆ ನಿಧಾನವಾಗಿ ತೆವಳುತ್ತಿದೆ, ಮರ ಅದರ ಜೊತೆ ತನ್ನನ್ನು ಸರಿಮಾಡಿಕೊಳ್ಳುತ್ತಾ ಬೆಳೆದಿದೆ. ಇಡೀ ಸಿಲ್ವರ್ ಓಕ್ ಗಳದ ಥರ ಒಂದೇ ಕಡೆಗೆ ವಾಲಿದ್ದರೆ ಅದು ಹೊಸದು, ಹೆಚ್ಚು ಅಪಾಯ. ಮುಳ್ಳುತಂತಿ ಬೇಲಿ ಇನ್ನೂ ಚೆನ್ನಾಗಿ ಹೇಳುತ್ತದೆ. ಕಳೆದ ವರ್ಷ ಒಂದೇ ಬಿಗಿಯಲ್ಲಿದ್ದ ತಂತಿ ಈ ವರ್ಷ ಒಂದು ಕಡೆ ವೀಣೆ ತಂತಿಯಂತೆ ಬಿಗಿದು, ಪಕ್ಕದ ಎರಡು ಕಂಬದ ನಡುವೆ ಜೋತು ಬಿದ್ದಿದ್ದರೆ ನಡುವಿನ ನೆಲ ಸರಿದಿದೆ.

ಗೂಟ ಹೊಡೆಯುವುದು

ಬಿರುಕು ಸಿಕ್ಕಿತು ಅಂತಿಟ್ಟುಕೊಳ್ಳಿ. ಅದು ಹಳೆಯದಾ ಹೊಸದಾ ಅಂತ ಜಗಳ ಆಡುವ ಬದಲು ಅಳೆಯಿರಿ. ಬಿರುಕಿನ ಆಚೆ ಒಂದು, ಈಚೆ ಒಂದು ಗಟ್ಟಿ ಗೂಟ, ಎರಡಡಿ ಆಳ ಹೊಡೆಯಿರಿ. ಎರಡರ ತಲೆಗೂ ಒಂದೊಂದು ಮೊಳೆ. ಮೊಳೆಯಿಂದ ಮೊಳೆಗೆ ಟೇಪ್ ಹಿಡಿದು ಮಿಲಿಮೀಟರ್ ಬರೆದಿಟ್ಟುಕೊಳ್ಳಿ, ತಾರೀಖು ಸಮೇತ. ಉದ್ದದ ಬಿರುಕಾದರೆ ಮೂರು ಜಾಗದಲ್ಲಿ ಮಾಡಿ. ಜೂನ್‌ನಲ್ಲಿ ವಾರಕ್ಕೊಮ್ಮೆ ಅಳೆದರೆ ಸಾಕು, ಜುಲೈ ಹೊತ್ತಿಗೆ ಎರಡು ದಿನಕ್ಕೊಮ್ಮೆ. ಒಂದೆರಡು ಮಿಲಿಮೀಟರ್ ವ್ಯತ್ಯಾಸ ಟೇಪ್ ಹಿಡಿಯುವ ಕೈಯದ್ದೂ ಇರಬಹುದು. ಪ್ರತಿ ಸಲವೂ ಒಂದೇ ಕಡೆಗೆ ಹೆಚ್ಚುತ್ತಾ ಹೋದರೆ, ಅದರಲ್ಲೂ ಹೆಚ್ಚುವ ವೇಗವೇ ಹೆಚ್ಚಿದರೆ, ಇನ್ನು ಅಳತೆ ಸಾಕು, ಗಂಟು ಕಟ್ಟಿ. ಜೋರು ಮಳೆಯಲ್ಲಿ ಅಳೆಯಲು ಮೇಲೆ ಹೋಗಬೇಡಿ, ಯಾವ ಅಳತೆಯೂ ಅಷ್ಟು ಮುಖ್ಯ ಅಲ್ಲ.

ಗೋಡೆಯ ಬಿರುಕಿಗೆ ಗೂಟ ಬೇಡ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಹಾಕಿ. ತುದಿ ಗೆರೆ ದಾಟಿದರೆ ಗೊತ್ತಾಗುತ್ತದೆ. ನಮ್ಮ ಅಡುಗೆಮನೆ ಗೋಡೆ ಈಗ ಮಗುವಿನ ಎತ್ತರ ಬರೆದಿಟ್ಟ ಗೋಡೆಯ ಹಾಗೆ ಆಗಿದೆ, ನೆಂಟರು ಬಂದರೆ ನಗುತ್ತಾರೆ.

ನೆಲದ ಬಿರುಕಿಗೆ ಬಿಸಿಲಿರುವಾಗಲೇ ಜೇಡಿಮಣ್ಣು ತುಂಬಿ ಗುದ್ದಿ, ಮೇಲೆ ಟಾರ್ಪಾಲ್ ಇಳಿಜಾರಾಗಿ ಹಾಸಿ, ಮೇಲಿನ ನೀರು ಪಕ್ಕಕ್ಕೆ ಹೋಗುವ ಹಾಗೆ ಚರಂಡಿ ಎಳೆಯಿರಿ. ಇದು ಔಷಧ ಅಲ್ಲ, ಗಾಯಕ್ಕೆ ಬಟ್ಟೆ ಕಟ್ಟಿದ ಹಾಗೆ. ಗ್ರಾಮ ಪಂಚಾಯಿತಿಗೂ ತಹಶೀಲ್ದಾರರ ಕಚೇರಿಗೂ ಫೋಟೊ ಸಮೇತ ಬರೆದು ಕೊಡಿ, ಸ್ವೀಕೃತಿ ಪಡೆಯಿರಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಸ್ಖಲನ್ ಆಪ್ ಇದೆ, ಅದನ್ನೂ ಹಾಕಿಟ್ಟುಕೊಳ್ಳಿ. ಅವರು ಮಾಡಿರುವ ಭೂಕುಸಿತ ಸಾಧ್ಯತೆಯ ನಕ್ಷೆಯೂ ಇದೆ. ಆದರೆ ಅದು 1:50,000 ಅಳತೆಯದ್ದು, ಅಂದರೆ ನಕ್ಷೆಯ ಒಂದು ಸೆಂಟಿಮೀಟರ್ ನೆಲದ ಅರ್ಧ ಕಿಲೋಮೀಟರ್. ನಿಮ್ಮ ಮನೆ ಹಸಿರು ಬಣ್ಣದಲ್ಲಿದೆ ಅಂತ ಹಿಂದಿನ ಬರೆಗೆ ಗೊತ್ತಿರುವುದಿಲ್ಲ.

ಇನ್ನೊಂದು, ಮೇ ಕೊನೆಯಲ್ಲಿ ಜೆಸಿಬಿ ತರಿಸಬೇಡಿ. ಹೊಸದಾಗಿ ಕಡಿದ ಬರೆಗೆ ಹುಲ್ಲು ಹಿಡಿಯಲೂ ಸಮಯ ಸಿಗುವುದಿಲ್ಲ. ಕಡಿಯಲೇಬೇಕಾದರೆ ಮಳೆ ನಿಂತ ಮೇಲೆ, ಮೆಟ್ಟಿಲು ಮೆಟ್ಟಿಲಾಗಿ.

ಇಂಚು ಲೆಕ್ಕ

ಈ ವಿಷಯದಲ್ಲಿ ಕೊಡಗಿನವರು ಅದೃಷ್ಟವಂತರು. ತೋಟದ ಮನೆಗಳಲ್ಲಿ ಮಳೆ ಅಳೆಯುವ ಪಾತ್ರೆ ಇದ್ದೇ ಇರುತ್ತದೆ, ಇಂಚು ಸೆಂಟಿನಲ್ಲಿ ಬರೆದ ಅಜ್ಜನ ಕಾಲದ ಡೈರಿಯೂ ಇರುತ್ತದೆ. ಫೋನ್ ಮಾಡಿದರೆ ಮೊದಲ ಪ್ರಶ್ನೆ "ನಿಮ್ಮಲ್ಲಿ ಎಷ್ಟು?" ಅಂತಲೇ ಅಲ್ವಾ? ಆದರೆ ನಾವು ಅದನ್ನು ಹೂಮಳೆಗೆ, ಅದನ್ನು ಹಿಂಬಾಲಿಸುವ ಮಳೆಗೆ, ಹೆಚ್ಚೆಂದರೆ ಹೆಮ್ಮೆಗೆ ಬಳಸುತ್ತೇವೆ. ಬರೆಗೆ ಬಳಸುವುದಿಲ್ಲ.

ಹವಾಮಾನ ಇಲಾಖೆಯ ಬಣ್ಣಗಳನ್ನು ಇಂಚಿಗೆ ತಿರುಗಿಸಿಕೊಳ್ಳಿ. 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, ಅಂದರೆ ಸುಮಾರು ಎರಡೂವರೆ ಇಂಚು. 115.6 ದಾಟಿದರೆ ಅತಿ ಭಾರಿ, ನಾಲ್ಕೂವರೆ ಇಂಚು, ಆರೆಂಜ್. 204.5 ದಾಟಿದರೆ ಎಂಟು ಇಂಚು, ರೆಡ್. ಇಡೀ ಜಿಲ್ಲೆಗೆ ಒಂದೇ ಬಣ್ಣ ಹಾಕುತ್ತಾರೆ, ಭಾಗಮಂಡಲದಲ್ಲಿ ಧೋ ಅಂತ ಸುರಿಯುವಾಗ ಕುಶಾಲನಗರದಲ್ಲಿ ಬಟ್ಟೆ ಒಣಗುತ್ತಿರುತ್ತದೆ. ಆದ್ದರಿಂದ ನಿಮ್ಮ ಪಾತ್ರೆಯ ಲೆಕ್ಕವೇ ನಿಮಗೆ ಲೆಕ್ಕ. ಪಾತ್ರೆ ಇಲ್ಲದವರು ನೇರ ಗೋಡೆಯ ಡಬ್ಬಿಯೊಂದನ್ನು ಮರ, ಸೂರಿನಿಂದ ದೂರ ಇಟ್ಟು, ಬೆಳಿಗ್ಗೆ ಒಂದೇ ಹೊತ್ತಿಗೆ ಸ್ಕೇಲ್ ಅದ್ದಿ ನೋಡಿದರೂ ಆಯಿತು. ಸುತ್ತಮುತ್ತ ಎಷ್ಟು ಬಿತ್ತು, ಮುಂದೆ ಹೇಗಿದೆ ಅಂತ ಕೇಳಲು ರಾಜ್ಯ ಸರ್ಕಾರದ ವರುಣ ಮಿತ್ರ ಸಹಾಯವಾಣಿ ಇದೆ, 92433 45433.

ಇವತ್ತಿನ ಮಳೆ ಒಂದನ್ನೇ ನೋಡಬೇಡಿ. ಮೂರು ಸಾಲು ಬರೆಯಿರಿ: ಇವತ್ತಿನದು, ಕಳೆದ ಮೂರು ದಿನದ ಒಟ್ಟು, ಕಳೆದ ಹದಿನೈದು ದಿನದ ಒಟ್ಟು. ಜೂನ್ ಮೊದಲ ವಾರ ಬೀಳುವ ನಾಲ್ಕು ಇಂಚು ಮಣ್ಣಿಗೆ ಹಬ್ಬ. ಹದಿನೈದು ದಿನದಲ್ಲಿ ನಲವತ್ತು ಇಂಚು ಕುಡಿದ ಮಣ್ಣಿನ ಮೇಲೆ ಬೀಳುವ ಅದೇ ನಾಲ್ಕು ಇಂಚು ಬೇರೆ ವಿಷಯ. ಎಷ್ಟು ಇಂಚಿಗೆ ಗುಡ್ಡ ಇಳಿಯುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಎಲ್ಲ ಗುಡ್ಡಕ್ಕೂ ಆಗುವ ಒಂದು ಸಂಖ್ಯೆ ಇಲ್ಲ. ನಿಮ್ಮ ಹಳೆ ಡೈರಿ ತೆಗೆದು, ನಿಮ್ಮ ತೋಟದಲ್ಲಿ ಬರೆ ಬಿದ್ದ ದಿನಗಳ ಹಿಂದಿನ ಹದಿನೈದು ದಿನ ಕೂಡಿಸಿ ನೋಡಿ. ಅದರ ಮುಕ್ಕಾಲು ಭಾಗಕ್ಕೆ ಬಂದಾಗಲೇ ನಾನು ಬ್ಯಾಗ್ ಬಾಗಿಲ ಹತ್ತಿರ ಇಡುತ್ತೇನೆ.

ಮಳೆ ಹಿಡಿದ ಮೇಲೆ: ನೀರಿನ ಬಣ್ಣ, ನೀರಿನ ಸದ್ದು

ಈ ಇಡೀ ಬರಹದಲ್ಲಿ ಒಂದೇ ಭಾಗ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಬರೆಯಿಂದ ಮಳೆಗಾಲದಲ್ಲಿ ಒರತೆ ಬರುವುದು ಮಾಮೂಲು. ಪ್ರತಿ ವರ್ಷ ಬರುವ ಜಾಗದಲ್ಲಿ ತಿಳಿ ನೀರು ಬರುತ್ತಿದ್ದರೆ ಗುಡ್ಡ ತನ್ನ ನೀರನ್ನು ಹೊರಗೆ ಹಾಕುತ್ತಿದೆ, ಒಳ್ಳೆಯದೇ. ಎಂದೂ ಇಲ್ಲದ ಜಾಗದಲ್ಲಿ ಹೊಸ ಒರತೆ ಎದ್ದರೆ ಎಚ್ಚರ. ತಿಳಿ ನೀರು ಕೆಂಪಗೆ ಕದಡಿ ಬರಲು ಶುರುವಾದರೆ ಒಳಗೆ ಮಣ್ಣು ಕೊಚ್ಚಿಹೋಗಿ ಬಿಲ ಆಗುತ್ತಿದೆ. ಇನ್ನು ಮಳೆ ಬಿಡದೆ ಸುರಿಯುತ್ತಿರುವಾಗಲೇ ಒರತೆ ಥಟ್ಟನೆ ನಿಂತರೆ, ಒಳಗೆ ದಾರಿ ಮುಚ್ಚಿದೆ, ನೀರು ಹಿಂದೆ ಕಟ್ಟಿಕೊಳ್ಳುತ್ತಿದೆ. ತಡೆಗೋಡೆಯ ಪೈಪ್‌ಗಳಿಗೂ ಇದೇ ಮಾತು. ನಿನ್ನೆ ಸುರಿಯುತ್ತಿದ್ದ ಪೈಪ್ ಇವತ್ತು ಒಣಗಿದೆ, ಗೋಡೆ ನಡುವೆ ಹೊಟ್ಟೆ ಬಿಟ್ಟಿದೆ ಅಂದರೆ ಅದರ ಕೆಳಗೆ ಕಾರೂ ನಿಲ್ಲಿಸಬೇಡಿ. ಪೈಪೇ ಇಡದೆ ಕಟ್ಟಿದ ತಡೆಗೋಡೆ ಅಣೆಕಟ್ಟು ಆಗುತ್ತದೆ, ಗೋಡೆ ಇಲ್ಲದಿರುವುದೇ ವಾಸಿ ಅನ್ನಿಸುವಷ್ಟು.

ಬಾವಿ ನೀರು ರಾತ್ರೋರಾತ್ರಿ ಕದಡುವುದು, ಗುಡ್ಡದ ಮೇಲಿಂದ ನೀರು ತರುವ ಸೈಫನ್ ಪೈಪ್ ಕೀಲು ಬಿಟ್ಟು ನೀರು ನಿಲ್ಲುವುದು ಕೂಡ ಹೀಗೇ. ಪೈಪ್ ಕಿತ್ತುಕೊಂಡರೆ ಹಂದಿಯನ್ನೋ ಆನೆಯನ್ನೋ ಬೈಯುವುದಕ್ಕೆ ಮುಂಚೆ ನೆಲ ಸರಿದಿದೆಯಾ ನೋಡಿ.

ತೋಡಿನ ವಿಷಯ ನನ್ನ ಮೇಲೇ ಬಂದದ್ದು. 2018ರ ಆಗಸ್ಟ್, ದೊಡ್ಡಪ್ಪನ ಮನೆಯಲ್ಲಿದ್ದೆ. ಐದಾರು ದಿನದಿಂದ ಮನೆ ಪಕ್ಕದ ತೋಡು ಎಷ್ಟು ಜೋರಾಗಿ ಭೋರ್ಗರೆಯುತ್ತಿತ್ತು ಅಂದರೆ ಒಳಗೆ ಕೂತು ಕೂಗಿ ಮಾತಾಡಬೇಕಿತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೆ ದೊಡ್ಡಮ್ಮ ಒಲೆ ಮುಂದಿನಿಂದ ತಲೆಯೆತ್ತಿ, "ಮಗಾ, ತೋಡು ಯಾಕೆ ಸುಮ್ಮನಾಯ್ತು?" ಅಂದರು. ಮಳೆ ಒಂದಿಷ್ಟೂ ಕಡಿಮೆ ಆಗಿರಲಿಲ್ಲ. ನಾನು ಬುದ್ಧಿವಂತ, ಟಾರ್ಚ್ ಹಿಡಿದು ಮೇಲೆ ಏನಾಗಿದೆ ನೋಡಿ ಬರುತ್ತೇನೆ ಅಂತ ಹೊರಟೆ. ಇಪ್ಪತ್ತು ವರ್ಷ ಸೈನ್ಯದಲ್ಲಿದ್ದ ದೊಡ್ಡಪ್ಪ ಮೆಟ್ಟಿಲಿನಿಂದಲೇ ಗದರಿಸಿ ವಾಪಸ್ ಕರೆದರು. ಎಲ್ಲರೂ ದನ ಬಿಚ್ಚಿ, ತೋಡಿಗೆ ಅಡ್ಡವಾಗಿ ಪಕ್ಕದ ಏಣಿನ (ಗುಡ್ಡದ ಉಬ್ಬಿದ ಬೆನ್ನಿನ) ಮೇಲಿನ ಮನೆಗೆ ನಡೆದೆವು. ಮೇಲೆ ಬಿದ್ದ ಮಣ್ಣು, ಮರ ತೋಡಿಗೆ ಒಡ್ಡು ಕಟ್ಟಿತ್ತು. ಒಡ್ಡು ಒಡೆದು ಬಂದದ್ದು ಊಟದ ಹೊತ್ತಿಗೆ. ಕೊಟ್ಟಿಗೆ ಹೋಯಿತು, ಕಾಫಿ ಕಣ ಹೋಯಿತು, ಮನೆ ಉಳಿಯಿತು. ನಾನು ಟಾರ್ಚ್ ಹಿಡಿದು ನಡೆಯಬೇಕಿದ್ದ ದಾರಿ ಎಲ್ಲಿತ್ತು ಅಂತ ಬೆಳಿಗ್ಗೆ ಹುಡುಕಿದರೂ ಸಿಗಲಿಲ್ಲ.

ತೋಡು ಇದ್ದಕ್ಕಿದ್ದ ಹಾಗೆ ಉಕ್ಕಿದರೂ, ಇದ್ದಕ್ಕಿದ್ದ ಹಾಗೆ ಇಳಿದರೂ, ನೀರಿನಲ್ಲಿ ಹಸಿ ಬೇರಿನ ಸಮೇತ ಮರ ತೇಲಿ ಬಂದರೂ ಒಂದೇ ಅರ್ಥ. ಮೇಲೆ ಗುಡ್ಡ ಬಿದ್ದಿದೆ.

ಮನೆಯೊಳಗೆ ನೋಡಬೇಕಾದ್ದು ಕಡಿಮೆ. ನಿನ್ನೆ ಹಾಕಿದ ಬಾಗಿಲು ಇವತ್ತು ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತಿದೆಯಾ (ಮಳೆಗೆ ಮರ ಉಬ್ಬುವುದೂ ಇದೆ, ಆದರೆ ಒಂದೇ ದಿನದಲ್ಲಿ ಎರಡು ಮೂರು ಬಾಗಿಲು ಹಾಗಾಗುವುದಿಲ್ಲ), ನೆಲದ ಟೈಲ್ಸ್ ಸಿಡಿದಿದೆಯಾ, ಮೆಟ್ಟಿಲು ಗೋಡೆಯಿಂದ ಬಿಟ್ಟುಕೊಂಡಿದೆಯಾ. ನೆಲದೊಳಗಿಂದ ಗುಡುಗಿನ ಥರ ಸದ್ದು, ಮರಗಳು ಲಟಲಟ ಮುರಿಯುವ ಸದ್ದು, ಹಸಿ ಮಣ್ಣಿನ ಗಾಢ ವಾಸನೆ ಬಂದರೆ ಇನ್ನು ಏನೂ ನೋಡಬೇಡಿ.

ಹೊರಡುವುದು ಯಾವಾಗ

ಸಂಜೆ ನಾಲ್ಕು ಗಂಟೆಗೆ. ನಮ್ಮ ಮನೆಯಲ್ಲಿ ಇದು ನಿಯಮ. ಹದಿನೈದು ದಿನದ ಲೆಕ್ಕ ತುಂಬಿದ್ದರೆ, ಮೇಲೆ ಹೇಳಿದ ಗುರುತುಗಳಲ್ಲಿ ಒಂದಾದರೂ ಕಂಡಿದ್ದರೆ, ರಾತ್ರಿಗೆ ಆರೆಂಜ್ ಅಥವಾ ರೆಡ್ ಇದ್ದರೆ, ನಾಲ್ಕು ಗಂಟೆಗೆ ತೀರ್ಮಾನ ಮಾಡಿ ಬೆಳಕಿರುವಾಗಲೇ ಹೊರಡುತ್ತೇವೆ. ನೋಡೋಣ, ಊಟ ಆದ ಮೇಲೆ ನೋಡೋಣ ಅನ್ನುವುದೇ ತಪ್ಪು. ತಲಕಾವೇರಿಯಲ್ಲಿ ರಾತ್ರಿ. 2024ರ ಜುಲೈ 30ಕ್ಕೆ ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ನಡುರಾತ್ರಿ ಕಳೆದ ಮೇಲೆ. ಕರೆಂಟ್ ಇಲ್ಲ, ಟವರ್ ಇಲ್ಲ, ಮಳೆಯ ಸದ್ದಿನಲ್ಲಿ ಬೇರೆ ಸದ್ದು ಕೇಳುವುದಿಲ್ಲ, ರಾತ್ರಿ ಎರಡು ಗಂಟೆಗೆ ಯಾರಿಗೂ ನೆಲದ ಬಿರುಕು ಕಾಣಿಸುವುದಿಲ್ಲ.

ಎಲ್ಲಿಗೆ ಹೋಗುವುದು ಅಂತ ಮೇ ತಿಂಗಳಲ್ಲೇ ಒಣ ದಾರಿಯಲ್ಲಿ ಒಮ್ಮೆ ನಡೆದು ನೋಡಿ. ತೋಡಿನ ಪಕ್ಕದ ದಾರಿ ಬೇಡ, ತೋಡು ದಾಟುವ ಪಾಲ (ಕಾಲುಸಂಕ) ಬೇಡ, ಇನ್ನೊಂದು ಬರೆಯ ಕೆಳಗಿನ ರಸ್ತೆ ಬೇಡ. ಇಳಿಜಾರಿಗೆ ಅಡ್ಡವಾಗಿ ಏಣಿನ ಕಡೆ ಹೋಗಬೇಕು. ಕೆಳಗೆ ಓಡಿದರೆ ಅದೂ ಕೆಳಗೇ ಬರುತ್ತದೆ, ನಿಮಗಿಂತ ಜೋರಾಗಿ.

ಚೀಲದಲ್ಲಿ ಪಹಣಿ, ಆಧಾರ್, ಪಾಸ್‌ಬುಕ್, ಮಾತ್ರೆ, ಟಾರ್ಚ್, ಒಂದು ಜೊತೆ ಬಟ್ಟೆ. ಕೋವಿ ಬಿಟ್ಟು ಬರುವುದಿಲ್ಲ ಅಂತ ಹಟ ಹಿಡಿದ ಹಿರಿಯರು ಪ್ರತಿ ಕುಟುಂಬದಲ್ಲೂ ಒಬ್ಬರು ಇರುತ್ತಾರೆ. ಅವರ ಜೊತೆ ವಾದ ಮಾಡುವ ಬದಲು ಕೋವಿಯನ್ನೂ ಅದರ ಪತ್ರವನ್ನೂ ಜುಲೈನಲ್ಲೇ ಪೇಟೆಯ ನೆಂಟರ ಮನೆಗೆ ಸಾಗಿಸಲು ಪೊಲೀಸ್ ಠಾಣೆಯಲ್ಲಿ ಕೇಳಿಕೊಳ್ಳಿ, ಅರ್ಧ ಜಗಳ ಮುಗಿಯಿತು. ದನವನ್ನು ಕಟ್ಟಿ ಬಿಟ್ಟು ಹೋಗಬೇಡಿ, ನಾಯಿಯನ್ನೂ ಸರಪಳಿಯಲ್ಲಿ ಬಿಡಬೇಡಿ.

ಲೈನ್‌ಮನೆಯವರಿಗೆ (ತೋಟದ ಕಾರ್ಮಿಕರ ಸಾಲುಮನೆಯವರಿಗೆ) ಹೇಳಿದಿರಾ? ಇದನ್ನು ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ತೋಟದಲ್ಲಿ ಒಳ್ಳೆಯ ಜಾಗ ನೋಡಿ ಮಾಲೀಕರ ಮನೆ ಕಟ್ಟಿರುತ್ತೇವೆ, ಉಳಿದ ಜಾಗದಲ್ಲಿ, ಬಹಳ ಸಲ ತೋಡಿನ ಪಕ್ಕವೋ ಬರೆಯ ಬುಡದಲ್ಲೋ ಲೈನ್ ಕಟ್ಟಿರುತ್ತೇವೆ. ಅಸ್ಸಾಂನಿಂದ ಬಂದ ಹುಡುಗರಿಗೆ ನಮ್ಮ ಮಳೆ ಗೊತ್ತಿಲ್ಲ, ವಾಟ್ಸಾಪ್‌ನಲ್ಲಿ ಬರುವ ಕನ್ನಡದ ಎಚ್ಚರಿಕೆ ಓದಲು ಬರುವುದಿಲ್ಲ. ಜೂನ್‌ನಲ್ಲೇ ಕರೆದುಕೊಂಡು ಹೋಗಿ ದಾರಿ ತೋರಿಸಿ, ನಾಲ್ಕು ಗಂಟೆಯ ನಿಯಮ ಅವರಿಗೂ ಇರಲಿ. ಹೋಂಸ್ಟೇ ನಡೆಸುವವರು ಅತಿಥಿಗಳಿಗೂ ಹೇಳಿ, ರೆಡ್ ಇದ್ದ ದಿನ ಬುಕಿಂಗ್ ವಾಪಸ್ ಮಾಡಿದರೆ ಏನೂ ಮುಳುಗಿಹೋಗುವುದಿಲ್ಲ.

ಸಿಕ್ಕಿಬಿದ್ದರೆ 112, ಇಲ್ಲವೇ ಜಿಲ್ಲಾ ಕಂಟ್ರೋಲ್ ರೂಮಿನ 1077.

ರಸ್ತೆಯಲ್ಲಿ

ಸಂಪಾಜೆ ಘಾಟಿ, ಮಾಕುಟ್ಟ ರಸ್ತೆ, ಭಾಗಮಂಡಲದ ದಾರಿ. ಎಲ್ಲ ಕಡೆ ಒಂದೇ ಮಾತು. ರಸ್ತೆ ಮೇಲೆ ಹೊಸದಾಗಿ ಬಿದ್ದ ಸಣ್ಣ ಕಲ್ಲು, ಬರೆಯಿಂದ ಕೆಂಪು ನೀರು, ಡಾಂಬರಿನ ಅಂಚಿನಲ್ಲಿ ಉದ್ದಕ್ಕೆ ಬಿರುಕು ಕಂಡರೆ ನಿಂತು ಯೋಚಿಸಬೇಡಿ, ಆ ಜಾಗ ದಾಟಿ ಅಥವಾ ಹಿಂದೆ ತಿರುಗಿ. ಬರೆಯ ಬುಡದಲ್ಲಿ ಗಾಡಿ ನಿಲ್ಲಿಸಿ ಚಹಾ ಕುಡಿಯುವ ಅಭ್ಯಾಸ ಮಳೆಗಾಲದಲ್ಲಿ ಬಿಡಿ. 2024ರ ಜುಲೈ 16ಕ್ಕೆ ಉತ್ತರ ಕನ್ನಡದ ಶಿರೂರಿನಲ್ಲಿ ಹೆದ್ದಾರಿಗೆ ಕಡಿದ ಗುಡ್ಡ ಬಿದ್ದದ್ದು ರಸ್ತೆ ಬದಿಯ ಚಹಾ ಅಂಗಡಿ ಮೇಲೆ. ಒಂದು ಸಲ ಬಿದ್ದ ಕಡೆ ಮಣ್ಣು ತೆಗೆಯುವುದನ್ನು ನೋಡುತ್ತಾ, ವೀಡಿಯೊ ಮಾಡುತ್ತಾ ನಿಲ್ಲುವವರಿಗೆ ಏನು ಹೇಳುವುದೋ ಗೊತ್ತಿಲ್ಲ. ಬುಡದ ಮಣ್ಣು ತೆಗೆದಷ್ಟೂ ಮೇಲಿನದಕ್ಕೆ ಆಸರೆ ಹೋಗುತ್ತದೆ.

ಮಳೆ ನಿಂತ ಮೇಲೆ

ಬಿಸಿಲು ಬಂತು ಅಂತ ಅದೇ ದಿನ ಮನೆಗೆ ಓಡಬೇಡಿ. ಮೇಲೆ ಬಿದ್ದ ನೀರು ಕೆಳಗಿನ ಪದರಕ್ಕೆ ಇಳಿಯಲು ಸಮಯ ಬೇಕು, ಮಳೆ ನಿಂತು ಒಂದೆರಡು ದಿನದ ಮೇಲೂ ಗುಡ್ಡ ಇಳಿಯುವುದುಂಟು. ಮೊದಲು ಹಗಲಲ್ಲಿ ಒಬ್ಬಿಬ್ಬರು ಹೋಗಿ, ದೂರದಿಂದ ಗುಡ್ಡದ ನೆತ್ತಿ ನೋಡಿ, ಆಮೇಲೆ ಒರತೆ ನೀರು ತಿಳಿಯಾಗಿದೆಯಾ ನೋಡಿ, ಆಮೇಲೆ ಗೂಟ ಅಳೆಯಿರಿ. ಎರಡು ಮೂರು ದಿನ ಅಳತೆ ಬದಲಾಗದೆ ನಿಂತರೆ ಮಕ್ಕಳನ್ನು ಕರೆತನ್ನಿ. ಜರಿದ ಜಾಗದ ಪಕ್ಕದ ಮಣ್ಣು ಮೊದಲಿಗಿಂತ ಸಡಿಲ, ಅಲ್ಲಿ ಬಿದ್ದ ಮರ ತುಂಡು ಮಾಡಲು ಅವಸರ ಬೇಡ.

ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬ ಕಳೆದು ಮಳೆ ಹಿಂದೆ ಸರಿದ ಮೇಲೆ ಎಲ್ಲರಿಗೂ ಮರೆತುಹೋಗುತ್ತದೆ. ಗೂಟಗಳನ್ನು ಕೀಳಬೇಡಿ. ಕಾಫಿ ಕೊಯ್ಲಿಗೆ ಮೇಲೆ ಹೋದಾಗ ಜನವರಿ ಹೊತ್ತಿಗೆ ಇನ್ನೊಮ್ಮೆ ಟೇಪ್ ಹಿಡಿಯಿರಿ, ಸುತ್ತಲಿನ ಗಿಡಕ್ಕೆ ಒಂದು ಕೆಂಪು ಬಟ್ಟೆ ಕಟ್ಟಿ. ಇಲ್ಲದಿದ್ದರೆ ಕಳೆ ಹೊಡೆಯುವವರ ಮಿಷನ್ ಬ್ಲೇಡಿಗೆ ಸಿಕ್ಕಿ ಗೂಟವೂ ಹೋಗುತ್ತದೆ, ಬ್ಲೇಡೂ ಹೋಗುತ್ತದೆ.